ಒಂದು ಎಂಜಿನ್ನೋ, ಎರಡೋ: ತದಡಿಯ ಅಳಿಯನಿಗೆ ಪತ್ರ

ಹೊನ್ನಾವರ
ನೂಲ ಹುಣ್ಣಿಮೆ ಕಳೆದ ಮೂರನೆಯ ದಿನ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ನಿನ್ನ ಅತ್ತೆಯ ಮೊಣಕಾಲು ನೋವು ಮಳೆಯ ಜೊತೆ ಬಂದದ್ದು ಮಳೆಯ ಜೊತೆ ಹೋಗಬಹುದೆಂದು ಕಾಯುತ್ತಿದ್ದೇವೆ. ನೀನು ಫೈಬರ್ ದೋಣಿಗೆ ಮುಂಗಡ ಕೊಟ್ಟ ಸುದ್ದಿಯನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. 24 ಅಡಿ, ಮೂರು ಆಳು, ಬೀಡುಬಲೆ ಮತ್ತು ಗಾಳ ಎಂದಾಗ ಸಂತೋಷವಾಯಿತು. ಆಮೇಲೆ ಅವಳು, '40 ಎಚ್‌ಪಿಯ ಒಂದರ ಬದಲು 20 ಎಚ್‌ಪಿಯ ಎರಡು ಎಂಜಿನ್ ಕೂರಿಸುತ್ತಾನಂತೆ ಅಣ್ಣ, ಒಂದು ಕೆಟ್ಟರೂ ಇನ್ನೊಂದು ಇರುತ್ತದಲ್ಲ' ಎಂದಳು. ಅವಳಿಗೆ ಆ ಮಾತಿನಿಂದ ಧೈರ್ಯ ಬಂದಿದೆ. ನನಗೆ ಬರಲಿಲ್ಲ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು 'ಹೂಂ ಮಾವ, ಹೂಂ ಮಾವ' ಎಂದು ಮುಗಿಸಿಬಿಡುತ್ತೀಯೆ.

ನನ್ನ ದೋಣಿಗೂ ಒಂದು ಕಾಲದಲ್ಲಿ ಎರಡು ಎಂಜಿನ್ ಇದ್ದವು. ನೀನು ಆಗ ಹುಟ್ಟಿರಲಿಲ್ಲ. ಎರಡೂ ಸೀಮೆಎಣ್ಣೆಯವು. ಪೆಟ್ರೋಲಿನಲ್ಲಿ ಶುರುಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು, ದಡಕ್ಕೆ ಬರುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಕಾರ್ಬುರೇಟರ್ ತೊಳೆದು ನಿಲ್ಲಿಸುವುದು. ಅಂದು ಬಸವರಾಜ ದುರ್ಗ ದ್ವೀಪವನ್ನು ದಾಟಿ ಒಂದು ಗಂಟೆ ಹೋಗಿದ್ದೆವು. ಬಲಗಡೆಯ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. 'ಇರಲಿ, ಎಡಗಡೆಯದು ಇದೆ' ಎಂದು ನಾನೇ ನಕ್ಕೆ. ಬೀಡಿ ಹಚ್ಚುವಷ್ಟರಲ್ಲಿ ಎಡಗಡೆಯದೂ ನಿಂತಿತು. ಎರಡಕ್ಕೂ ಎಣ್ಣೆ ಹೋಗುತ್ತಿದ್ದದ್ದು ಒಂದೇ ಡ್ರಮ್ಮಿನಿಂದ, ಆ ಡ್ರಮ್ಮಿನ ತಳದಲ್ಲಿ ಮೂರು ಬೆರಳಿನಷ್ಟು ನೀರು. ಲಂಗರು ಹಗ್ಗ ತಳಕ್ಕೆ ಸಾಲಲಿಲ್ಲ. ಬಡಗಣಕ್ಕೆ ತೇಲುತ್ತ ಹೋದೆವು. ಸಂಜೆ ಒಂದು ಟ್ರಾಲ್ ಬೋಟಿನವರು ಹಗ್ಗ ಎಸೆದು ಎಳೆದು ತಂದರು. ಎರಡು ಎಂಜಿನ್ ಇದ್ದ ದೋಣಿಯನ್ನು ಇನ್ನೊಬ್ಬರು ಎಳೆದು ತರುವುದನ್ನು ಊರೇ ದಡದಲ್ಲಿ ನಿಂತು ನೋಡಿತು. ನಿನ್ನ ಅಜ್ಜ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

ಅಂದಿನಿಂದ ನಾನು ಎಂಜಿನ್ ಎಣಿಸುವುದನ್ನು ಬಿಟ್ಟೆ. ಎಂಜಿನ್ ಯಾಕೆ ನಿಲ್ಲುತ್ತದೆ ಎಂದು ಎಣಿಸತೊಡಗಿದೆ. ಆಮೇಲಿನ ವರ್ಷಗಳಲ್ಲಿ ನನ್ನ ಶೆಡ್ಡಿಗೆ ರಿಪೇರಿಗೆ ಬಂದ ಓಬಿಎಂಗಳಲ್ಲಿ, ಎಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್ನುಗಳಲ್ಲಿ, ಒಳಗಿನ ಪಿಸ್ಟನ್ನೋ ಕ್ರ್ಯಾಂಕೋ ಮುರಿದು ನಿಂತವು ಕಡಿಮೆ. ಹೆಚ್ಚಿನವು ನಿಂತದ್ದು ಎಣ್ಣೆಯಲ್ಲಿ ನೀರು, ಕಸ ಕಟ್ಟಿದ ಫಿಲ್ಟರ್, ಗಾಳಿ ಎಳೆಯುವ ಹಳೆಯ ಪೈಪು, ಮಸಿ ಹಿಡಿದ ಪ್ಲಗ್, ಸವೆದ ವಾಟರ್ ಪಂಪಿನ ರಬ್ಬರ್, ಇಲ್ಲವೇ ನೀರು ತಳ್ಳುವ ಫ್ಯಾನಿಗೆ ಸುತ್ತಿದ ಬಲೆಯಿಂದ. ಈ ಪಟ್ಟಿಯನ್ನು ಎರಡು ಎಂಜಿನ್ನಿನ ಕಣ್ಣಿನಿಂದ ಇನ್ನೊಮ್ಮೆ ಓದಿ ನೋಡು. ಒಂದೇ ಟ್ಯಾಂಕಾದರೆ ಕೆಟ್ಟ ಎಣ್ಣೆ ಎರಡಕ್ಕೂ ಹೋಗುತ್ತದೆ. ಒಂದೇ ದಿನ ಕೊಂಡು, ಒಂದೇ ಸಮ ಓಡಿಸಿ, ಒಂದೇ ಸಮ ಅಸಡ್ಡೆ ಮಾಡಿದ ಎರಡು ಪಂಪಿನ ರಬ್ಬರ್ ಒಂದೇ ತಿಂಗಳಲ್ಲಿ ಸವೆಯುತ್ತದೆ. ಬಲೆಯ ವಿಷಯದಲ್ಲಂತೂ, ಹಿಂದೆ ಎರಡು ಫ್ಯಾನು ಇಳಿಬಿಟ್ಟಿದ್ದರೆ ಕತ್ತಲಲ್ಲಿ ನೈಲಾನ್ ದಾರ ಸಿಕ್ಕಿಕೊಳ್ಳಲು ಎರಡು ಜಾಗ. ಪೇಟೆಯಲ್ಲಿ ಮಾರುವವರು ಇದನ್ನು ಹೇಳುವುದಿಲ್ಲ. ಅವರು ಬೀಡುಬಲೆ ಎಳೆದವರಲ್ಲ.

ಇನ್ನು 'ಒಂದು ಕೆಟ್ಟರೆ ಅರ್ಧ ವೇಗದಲ್ಲಿ ಮನೆಗೆ ಬರಬಹುದು' ಎನ್ನುವ ಮಾತು. ನೀನು ಡಿಪ್ಲೊಮಾ ಓದಿದವನು, ಲೆಕ್ಕ ಹಾಕು. ಎರಡೂ 20 ಓಡುವಾಗ ನಿನ್ನ ದೋಣಿ ಮೂತಿ ಎತ್ತಿ ನೀರಿನ ಮೇಲೆ ಜಾರುತ್ತದೆ. ಫ್ಯಾನಿನ ಅಳತೆ ಆರಿಸಿರುವುದೂ ಆ ಓಟಕ್ಕೇ. ಒಂದು ನಿಂತ ಕೂಡಲೇ ದೋಣಿ ನೀರಿಗೆ ಕೂರುತ್ತದೆ. ನಿಂತ ಎಂಜಿನ್ನಿನ ಕಾಲನ್ನು, ಎಂದರೆ ನೀರಿಗಿಳಿದ ಕೆಳಭಾಗವನ್ನು, ಮೇಲಕ್ಕೆತ್ತದಿದ್ದರೆ ಅದೂ ನೀರಿನಲ್ಲಿ ಎಳೆದಾಡುತ್ತದೆ. ಉಳಿದ ಒಂದಕ್ಕೆ ಇಡೀ ದೋಣಿ, ಮೂರು ಆಳು, ಒದ್ದೆ ಬಲೆ, ಮಂಜುಗಡ್ಡೆಯ ಪೆಟ್ಟಿಗೆ ಎಲ್ಲವನ್ನೂ ನೂಕಬೇಕು. ಅದು ತಿರುಗಬೇಕಾದಷ್ಟು ವೇಗವಾಗಿ ತಿರುಗಲಾರದೆ ನರಳುತ್ತದೆ. ಆಗ ಗಾಬರಿಯಲ್ಲಿ ಥ್ರಾಟಲನ್ನು ಪೂರ್ತಿ ತಿರುಗಿಸಿ ಹಿಡಿದರೆ ಅದನ್ನೂ ಕೊಲ್ಲುತ್ತೀಯೆ. ಕುಳಿತ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್ ಲೆಕ್ಕದಲ್ಲಿ ಸಿಗುತ್ತದೆ. ನಿನ್ನ ದೋಣಿಗೆ ಅದು 6ರ ಆಸುಪಾಸು, ಎಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. ಎರಡೂ ಓಡುವಾಗ 18 ನಾಟ್ ಬರುತ್ತಿತ್ತು ಎಂದುಕೊಂಡರೆ, ಒಂದರಲ್ಲಿ ಬರುವುದು ಅದರ ಮೂರನೆಯ ಒಂದು ಪಾಲು. ಗಾಳಿ ಎದುರಿಲ್ಲದ ದಿನ, ಹೆಚ್ಚುಕಡಿಮೆ ಅಷ್ಟೇ ವೇಗವನ್ನು ಒಂದು ಹಳೆಯ 8 ಎಚ್‌ಪಿಯೂ ಕೊಡುತ್ತದೆ. ಹಾಗಾದರೆ ಎರಡನೆಯ 20ಕ್ಕೆ ಕೊಟ್ಟ ಹಣ ನಿನಗೆ ಯಾವ ಭದ್ರತೆಯನ್ನು ಕೊಂಡುಕೊಟ್ಟಿತು?

ತೂಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಫೋರ್‌ಸ್ಟ್ರೋಕಿನ 20 ಒಂದೊಂದೂ 50 ಕಿಲೋದ ಸುತ್ತಮುತ್ತ, 40ರದ್ದು ಒಂದೇ 100ರ ಹತ್ತಿರ. ಎಣ್ಣೆಯೂ ಹಾಗೆಯೇ. ಪೂರ್ತಿ ಓಟದಲ್ಲಿ 10 ಎಚ್‌ಪಿಗೆ ಗಂಟೆಗೆ ಸುಮಾರು 4 ಲೀಟರ್ ಹಿಡಿದುಕೋ. ಎರಡು ಎಂಜಿನ್ನಿನ ಕಾಲೂ ನೀರಿನಲ್ಲಿದ್ದರೆ ತುಸು ಹೆಚ್ಚು. ಪೆಟ್ರೋಲ್ 100 ರೂಪಾಯಿ ದಾಟಿ ಕುಳಿತಿರುವಾಗ ಆ ತುಸುವೂ ವರ್ಷದ ಕೊನೆಗೆ ಒಂದು ಬಲೆಯ ದುಡ್ಡಾಗುತ್ತದೆ. ರಿಪೇರಿ ಖರ್ಚು ಮಾತ್ರ ನೇರವಾಗಿ ಎರಡರಷ್ಟು. ಎರಡು ಗೇರ್ ಆಯಿಲ್, ಎರಡು ಪಂಪ್ ರಬ್ಬರ್, ಎಂಜಿನ್ನಿಗೆ ತುಕ್ಕು ಹಿಡಿಯದಂತೆ ತಾನೇ ಸವೆದುಹೋಗುವ ಸತುವಿನ ತುಂಡೂ ಎರಡು. ದಿನವೂ ದಡಕ್ಕೆ ಬಂದು ಸಿಹಿನೀರಿನಲ್ಲಿ ತೊಳೆಯಬೇಕಾದವೂ ಎರಡು. ಮೊದಲ ತಿಂಗಳು ಎರಡನ್ನೂ ತೊಳೆಯುತ್ತೀಯೆ. ಮೂರನೆಯ ತಿಂಗಳು ಏನು ಮಾಡುತ್ತೀಯೆಂದು ನನಗೆ ಗೊತ್ತು, ಏಕೆಂದರೆ ನಾನೂ ಅದನ್ನೇ ಮಾಡಿದೆ.

ಎರಡು ಎಂಜಿನ್ ಹಾಕುವವರೆಲ್ಲ ದಡ್ಡರೆಂದು ನಾನು ಹೇಳುತ್ತಿಲ್ಲ. ಕೇರಳದಲ್ಲಿ ಮೀನಿನ ಹಿಂಡನ್ನು ಸುತ್ತುವರಿಯುವ ರಿಂಗ್ ಸೀನ್ ಬಲೆಯ ವಳ್ಳಗಳಲ್ಲಿ 40 ಎಚ್‌ಪಿಯವು ಎರಡು ಮೂರು ಸಾಲಾಗಿ ಇರುತ್ತವೆ. ಅವರ ದೋಣಿಯೂ ಬಲೆಯೂ ಅಷ್ಟು ದೊಡ್ಡವು, ಆಳುಗಳೂ ಹಲವರು. ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವವನೂ ಎರಡು ಹಾಕಲಿ. ಇನ್ನೊಬ್ಬರ ಮಕ್ಕಳನ್ನು ಹೊತ್ತವನಿಗೆ ಖರ್ಚಿನ ಲೆಕ್ಕ ಬೇರೆ. ನಿನ್ನ ಪಕ್ಷಕ್ಕೆ ಇನ್ನೂ ಗಟ್ಟಿಯಾದ ಒಂದು ವಾದವಿದೆ. ಅದನ್ನು ನೀನು ಅಮ್ಮನಿಗೆ ಹೇಳಿಲ್ಲ, ಬಹುಶಃ ಹೆದರುತ್ತಾಳೆಂದು. ಅದು ಅಳಿವೆ. ಅಘನಾಶಿನಿ ಕಡಲಿಗೆ ಸೇರುವ ಬಾಯಿಯಲ್ಲಿ, ಇಳಿತದ ನೀರು ಹೊರಗೆ ನುಗ್ಗುವ ಹೊತ್ತಿಗೆ ಪಡುವಣದಿಂದ ತೆರೆ ಬಂದರೆ, ಅಲ್ಲಿ ಎಂಜಿನ್ ನಿಂತವನಿಗೆ ಹಗ್ಗ ಎಳೆದು ಇನ್ನೊಂದನ್ನು ಶುರುಮಾಡುವಷ್ಟು ಸಮಯ ಇರುವುದಿಲ್ಲ. ದೋಣಿ ಅಡ್ಡ ತಿರುಗುತ್ತದೆ, ಮುಂದಿನ ತೆರೆ ಮಗುಚುತ್ತದೆ. ನಮ್ಮ ಶರಾವತಿಯ ಅಳಿವೆಯಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ವಿವರ ಬರೆಯಲಾರೆ. ಅಂಥ ಜಾಗದಲ್ಲಿ ಬೇಕಾದದ್ದು ಆಗಲೇ ಓಡುತ್ತಿರುವ ಎರಡನೆಯ ಎಂಜಿನ್.

ಅದಕ್ಕೆ ನನ್ನ ಉಪಾಯ ಕೇಳು. ಮಧ್ಯದಲ್ಲಿ ಒಂದೇ 40, ಹೊಸ ಫೋರ್‌ಸ್ಟ್ರೋಕು. ಪಕ್ಕದಲ್ಲಿ ಪ್ರತ್ಯೇಕ ಬ್ರಾಕೆಟಿನಲ್ಲಿ ಒಂದು 8, ಹಳೆಯ ಟೂಸ್ಟ್ರೋಕು. ಅಳಿವೆಗೆ ಬರುವ ಅರ್ಧ ಕಿಲೋಮೀಟರ್ ಮೊದಲೇ ಚಿಕ್ಕದನ್ನು ಇಳಿಸಿ, ಶುರುಮಾಡಿ, ನ್ಯೂಟ್ರಲಿನಲ್ಲಿ ಓಡುತ್ತ ಇರಲಿ. ನಿನ್ನ ಗೆಳೆಯರಲ್ಲಿ ಒಬ್ಬ ಅದರ ಹಿಡಿಯ ಮೇಲೆ ಕೈಯಿಟ್ಟು ಕೂರಲಿ. ದೊಡ್ಡದು ನಿಂತರೆ ಅವನು ಗೇರ್ ಹಾಕಿ ಮೂತಿಯನ್ನು ತೆರೆಗೆ ನೇರವಾಗಿ ಹಿಡಿದುಕೊಂಡರೆ ಸಾಕು, ಅಷ್ಟರಲ್ಲಿ ನೀನು ದೊಡ್ಡದನ್ನು ನೋಡಬಹುದು. ಅಳಿವೆ ದಾಟಿದ ಮೇಲೆ ನಿಲ್ಲಿಸಿ ಮೇಲಕ್ಕೆತ್ತಿಬಿಡು. ಹೀಗೆ ಮಾಡಿದರೆ ಇನ್ನೊಂದು ಲಾಭವಿದೆ: ಚಿಕ್ಕ ಎಂಜಿನ್ ಹೋಗುವಾಗಲೂ ಬರುವಾಗಲೂ ಓಡುವುದರಿಂದ, ಬೇಕಾದ ದಿನ 'ಆರು ತಿಂಗಳಿಂದ ಮುಟ್ಟಿಲ್ಲ' ಎಂಬ ಮಾತು ಬರುವುದಿಲ್ಲ. ತುರ್ತಿಗೆಂದು ಇಟ್ಟ ಎಂಜಿನ್ ತುರ್ತಿನ ದಿನವೇ ಮುನಿಸಿಕೊಳ್ಳುವುದು ಹೆಚ್ಚಾಗಿ ಕಾರ್ಬುರೇಟರಿನಲ್ಲಿ ಹಳೆಯ ಎಣ್ಣೆ ಒಣಗಿ ಗೋಂದಾಗಿರುವುದರಿಂದ.

ಚಿಕ್ಕದಕ್ಕೆ ಬೇರೆ ಟ್ಯಾಂಕು, ಬೇರೆ ಪೈಪು, ಬೇರೆ ಫಿಲ್ಟರ್ ಇರಬೇಕು. ಟೂ‌ಸ್ಟ್ರೋಕ್ ಆದ್ದರಿಂದ ಅದಕ್ಕೆ ಆಯಿಲ್ ಬೆರೆಸಿದ ಪೆಟ್ರೋಲ್ ಬೇಕು, ದೊಡ್ಡದಕ್ಕೆ ಬರಿಯ ಪೆಟ್ರೋಲ್. ಹೀಗಾಗಿ ಸೋಮಾರಿತನ ಮಾಡಿದರೂ ಒಂದೇ ಟ್ಯಾಂಕಿಗೆ ಎರಡನ್ನೂ ಜೋಡಿಸಲಾರೆ. ಇದು ನನಗೆ ಬಹಳ ಇಷ್ಟವಾದ ಅಡಚಣೆ. ಟ್ಯಾಂಕಿನ ಬಣ್ಣ ಮಾತ್ರ ಬೇರೆ ಬೇರೆ ಮಾಡಿಸು, ಕತ್ತಲಲ್ಲಿ ಅದಲುಬದಲಾದೀತು. ಇನ್ನೊಂದು: ಚಿಕ್ಕದು ಪಕ್ಕಕ್ಕೆ ಇರುವುದರಿಂದ ದೋಣಿ ಹೊಯ್ದಾಡಿದಾಗ ಅದರ ಫ್ಯಾನು ನೀರಿನಿಂದ ಮೇಲೆದ್ದು ಬರಿದೇ ಕಿರುಚುತ್ತದೆ. 15 ಇಂಚಿನ ಗಿಡ್ಡ ಕಾಲಿನದು ಬೇಡ, 20 ಇಂಚಿನದೇ ಬೇಕು.

ಮಳೆಗಾಲದ ಮಾತೂ ಇದರೊಳಗೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ 10 ಎಚ್‌ಪಿಗಿಂತ ಹೆಚ್ಚಿನ ಎಂಜಿನ್ ಕಟ್ಟಿದ ದೋಣಿಗೂ ಮೀನುಗಾರಿಕೆ ನಿಷೇಧ. ನೀನು ಎರಡು 20 ಕೂರಿಸಿದರೆ ಆ 61 ದಿನ ಎರಡೂ ತಾಡಪಾಲಿನಡಿಯಲ್ಲಿ ಮಲಗಿರುತ್ತವೆ, ಸಾಲದ ಕಂತು ಮಲಗುವುದಿಲ್ಲ. 8 ಇದ್ದರೆ, ಕಡಲು ಶಾಂತವಾಗಿರುವ ದಿನ ದೊಡ್ಡದನ್ನು ಬಿಚ್ಚಿಟ್ಟು ಚಿಕ್ಕದರಲ್ಲಿ ದಡದ ಹತ್ತಿರವೇ ಬಲೆ ಬಿಡಬಹುದು. ಅದಕ್ಕೆ ಮೊದಲು ಮೀನುಗಾರಿಕಾ ಇಲಾಖೆಯ ಕಚೇರಿಗೆ ಹೋಗಿ ದೋಣಿಯ ದಾಖಲೆಯಲ್ಲಿ ಎರಡೂ ಎಂಜಿನ್ ಹೇಗೆ ಬರೆಸಬೇಕೆಂದು ಕೇಳಿಕೋ. ಬಾಯಿಮಾತು ನಂಬಬೇಡ, ಬರೆದುಕೊಟ್ಟದ್ದನ್ನು ತೆಗೆದುಕೊಂಡು ಬಾ.

ಉಳಿದದ್ದು ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಎಂಜಿನ್ನಿನಿಂದ ಹೊರಗೆ ಚಿಮ್ಮುವ ನೀರಿನ ಎಳೆಯನ್ನು ಆಗಾಗ ನೋಡುತ್ತಿರು. ಹುಡುಗರಾಗಿದ್ದಾಗ ನಾವು ಅದಕ್ಕೆ ಇಟ್ಟಿದ್ದ ಹೆಸರನ್ನು ಪತ್ರದಲ್ಲಿ ಬರೆಯಲಾರೆ. ಅದು ತೆಳ್ಳಗಾದರೆ ಪಂಪ್ ಸೋಲುತ್ತಿದೆ ಎಂದು ಅರ್ಥ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ಒಳಗೆ ನೀರು ಹೋಗಿದೆ. ಎಣ್ಣೆಯಲ್ಲಿ ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಬರಲು, ಮೂರನೆಯದು ಕಡಲಿಗೆ ಕೋಪ ಬಂದ ದಿನಕ್ಕೆ. ಲಂಗರಿನ ಹಗ್ಗ ನೀನು ಹೋಗುವ ಆಳಕ್ಕಿಂತ ಮೂರು ಪಟ್ಟಾದರೂ ಉದ್ದವಿರಲಿ. 12 ಮಾರು ನೀರಾದರೆ 36 ಮಾರು ಹಗ್ಗ. ನನ್ನದು ಅಂದು 15 ಮಾರು ಇತ್ತು. ಕೋಸ್ಟ್ ಗಾರ್ಡಿನ 1554 ಸಂಖ್ಯೆಯನ್ನು ಮೂವರ ಮೊಬೈಲಿನಲ್ಲೂ ಬರೆದಿಡು. ಲೈಫ್ ಜಾಕೆಟನ್ನು ಮೂತಿಯ ಪೆಟ್ಟಿಗೆಯಲ್ಲಿ ತುರುಕಿ ಅದರ ಮೇಲೆ ಬಲೆ ಹೇರಬೇಡ.

8 ಎಚ್‌ಪಿಯನ್ನು ಕೊಳ್ಳಲು ಹೋಗಬೇಡ. ನನ್ನದೇ ಒಂದು ಶೆಡ್ಡಿನಲ್ಲಿ ತೂಗುಹಾಕಿದೆ, 20 ಇಂಚಿನದು, 30 ಕಿಲೋ ಕೂಡ ಇಲ್ಲ. ಹೋದ ತಿಂಗಳು ಪಂಪಿನ ರಬ್ಬರ್ ಬದಲಿಸಿ ಡ್ರಮ್ಮಿನಲ್ಲಿ ನೀರು ತುಂಬಿ ಓಡಿಸಿದೆ, ಎರಡನೆಯ ಎಳೆತಕ್ಕೆ ಶುರುವಾಯಿತು. ಅದನ್ನು ನಿನಗೆ ಕೊಡುತ್ತೇನೆ, ದುಡ್ಡಿನ ಮಾತು ಎತ್ತಬೇಡ. ಬರುವ ಭಾನುವಾರ ಬಾ. ಬರುವ ಮೊದಲು ದೋಣಿ ಕಟ್ಟುವವರ ಹತ್ತಿರ ಹೋಗಿ ಹಿಂಬದಿಯ ಹಲಗೆಯ ಎತ್ತರವನ್ನೂ ದಪ್ಪವನ್ನೂ ಟೇಪಿನಲ್ಲಿ ಅಳೆದು ಬರೆದುಕೊಂಡು ಬಾ. ಕಣ್ಣಳತೆಯಲ್ಲಿ ಹೇಳಿದರೆ ಬ್ರಾಕೆಟ್ ಮಾಡಿಸಲಾಗುವುದಿಲ್ಲ. ನಿನ್ನ ಅತ್ತೆ ಶೆಟ್ಲಿ ಸಾರು ಮಾಡುತ್ತಾಳಂತೆ, ಬಸ್ಸು ಇಳಿದು ಬರುವಾಗ ಒಂದು ತೆಂಗಿನಕಾಯಿ ತಂದರೆ ಒಳ್ಳೆಯದು.

ಇಂತಿ ನಿನ್ನ ಮಾವ