ಓವನ್ನಿನ ಒಳಗಿರುವ ಎರಡನೇ ಫ್ಯೂಸ್

ಮಾನ್ಯ ಸಂಪಾದಕರೇ,

ಮೈಕ್ರೋವೇವ್ ಓವನ್ನಿನ ದೀಪ ಉರಿಯುತ್ತದೆ, ಫ್ಯಾನು ಓಡುತ್ತದೆ, ಗಾಜಿನ ತಟ್ಟೆಯೂ ತಿರುಗುತ್ತದೆ. ಆದರೆ ಒಳಗಿಟ್ಟ ಪದಾರ್ಥ ಬಿಸಿಯಾಗುವುದಿಲ್ಲ. ಇಂಥ ಓವನ್ನನ್ನು ಮನೆಯಲ್ಲೇ ಬಿಚ್ಚಿ ಫ್ಯೂಸ್ ಬದಲಿಸಿಕೊಳ್ಳಿ ಎಂದು ಸಲಹೆ ನೀಡುವವರೂ, ಹೊಸ ಫ್ಯೂಸ್ ಸಿಗದಿದ್ದರೆ ತಾಮ್ರದ ತಂತಿ ಕಟ್ಟಿದರೂ ನಡೆಯುತ್ತದೆ ಎನ್ನುವವರೂ ಇದ್ದಾರೆ. ಈ ಸಲಹೆ ಎಷ್ಟು ಅಪಾಯಕಾರಿ ಎಂಬುದನ್ನು ತಿಳಿಸಲು ಈ ಪತ್ರ.

ಅನೇಕ ಓವನ್ನುಗಳಲ್ಲಿ ಫ್ಯೂಸ್ ಎರಡಿರುತ್ತವೆ. ವಿದ್ಯುತ್ ಒಳಬರುವ ಜಾಗದಲ್ಲಿರುವ ಮೇನ್ ಫ್ಯೂಸ್ ಸಾಮಾನ್ಯವಾಗಿ 250 ವೋಲ್ಟ್, 10ರಿಂದ 20 ಆಂಪಿಯರ್‌ನದು. ಅದು ಹೋದರೆ ಓವನ್ನಿನಲ್ಲಿ ದೀಪವೂ ಉರಿಯದು. ಎರಡನೆಯದು ಹೈ ವೋಲ್ಟೇಜ್ ಫ್ಯೂಸ್. ಅದು ಹೋದರೆ ದೀಪ, ಫ್ಯಾನು ಎಲ್ಲ ನಡೆದರೂ ಪದಾರ್ಥ ಬಿಸಿಯಾಗದು. ಎಲ್ಲ ಮಾದರಿಗಳಲ್ಲೂ ಇರದ ಇದು ಟ್ರಾನ್ಸ್‌ಫಾರ್ಮರ್ ಮತ್ತು ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್ ನಡುವೆ ಪ್ಲಾಸ್ಟಿಕ್ ಕವಚದೊಳಗೆ ಕೂತಿರುತ್ತದೆ. ಅದರ ಮೇಲೆ 5 ಕಿಲೋವೋಲ್ಟ್ ಎಂದೂ, ಆಂಪಿಯರ್ ಮಾತ್ರ ಒಂದಕ್ಕಿಂತ ಕಡಿಮೆ, ಉದಾಹರಣೆಗೆ 0.7 ಅಥವಾ 0.8 ಎಂದೂ ನಮೂದಾಗಿರುತ್ತದೆ.

ಟ್ರಾನ್ಸ್‌ಫಾರ್ಮರ್ ಮನೆಯ ವಿದ್ಯುತ್ತನ್ನು ಸುಮಾರು 2000 ವೋಲ್ಟ್‌ಗೆ ಏರಿಸುತ್ತದೆ. ಕೆಪಾಸಿಟರ್ ಮತ್ತು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಡಯೋಡ್ ಸೇರಿ ಅದನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿ, 2450 ಮೆಗಾಹರ್ಟ್ಸ್‌ನ ಅಲೆಗಳನ್ನು ಹೊಮ್ಮಿಸುವ ಮ್ಯಾಗ್ನೆಟ್ರಾನ್‌ಗೆ ಒದಗಿಸುತ್ತವೆ. ಕೆಪಾಸಿಟರ್, ಡಯೋಡ್, ಮ್ಯಾಗ್ನೆಟ್ರಾನ್ ಈ ಮೂರರಲ್ಲಿ ಯಾವುದಾದರೂ ಒಂದು ಶಾರ್ಟ್ ಆದರೆ ಮೇನ್ ಫ್ಯೂಸ್ ಒಡನೆಯೇ ಹೋಗಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಹಾಗಾಗಲೇಬೇಕೆಂದಿಲ್ಲ. ಮ್ಯಾಗ್ನೆಟ್ರಾನ್‌ಗೆ ಹರಿಯುವ ವಿದ್ಯುತ್ ಮಿತಿಯಲ್ಲಿರಲೆಂದೇ ಈ ಟ್ರಾನ್ಸ್‌ಫಾರ್ಮರಿನಲ್ಲಿ ಕಾಂತಪ್ರವಾಹದ ಒಂದಿಷ್ಟು ಭಾಗ ಪಕ್ಕಕ್ಕೆ ಸೋರಿಹೋಗುವ ಏರ್ಪಾಡು ಇರುತ್ತದೆ. ಹಾಗಾಗಿ ಶಾರ್ಟ್ ಆದಾಗಲೂ ಮೇನ್ ಫ್ಯೂಸ್ ಕರಗುವಷ್ಟು ವಿದ್ಯುತ್ ಹರಿಯದೆ, ಟ್ರಾನ್ಸ್‌ಫಾರ್ಮರ್ ಜೋರಾಗಿ ಗುಂಯ್‌ಗುಡುತ್ತಾ, ಸುರುಳಿಯ ಮೇಲಿನ ವಾರ್ನಿಷ್ ಸುಟ್ಟು ಹೊಗೆಯೇಳುವವರೆಗೂ ಬಿಸಿಯಾಗುತ್ತಲೇ ಹೋಗಬಹುದು. ಹೈ ವೋಲ್ಟೇಜ್ ಫ್ಯೂಸ್ ಇರುವುದು ಅದನ್ನು ತಡೆಯಲಿಕ್ಕೆ.

ಅದರ ರಚನೆಯಲ್ಲೂ ಒಂದು ಜಾಣ್ಮೆಯಿದೆ. ಸಾವಿರಾರು ವೋಲ್ಟ್ ಇರುವೆಡೆ ತಂತಿ ಕರಗಿದ ಮಾತ್ರಕ್ಕೆ ವಿದ್ಯುತ್ ನಿಲ್ಲುವುದಿಲ್ಲ. ತುಂಡಾದ ತುದಿಗಳ ನಡುವಿನ ಕಿರಿದಾದ ಅಂತರವನ್ನು ಕಿಡಿಯ ಜ್ವಾಲೆಯೊಂದು ಬೆಸೆದುಬಿಡುತ್ತದೆ. ಆದ್ದರಿಂದ ಉದ್ದನೆಯ ಗಾಜಿನ ಕೊಳವೆಯೊಳಗೆ ಸಣ್ಣ ತಂತಿಯನ್ನು ಸ್ಪ್ರಿಂಗಿಗೆ ಬಿಗಿದಿರುತ್ತಾರೆ. ತಂತಿ ಕರಗಿದೊಡನೆ ಸ್ಪ್ರಿಂಗ್ ಹಿಂದಕ್ಕೆ ಎಳೆದುಕೊಂಡು ಅಂತರ ದೊಡ್ಡದಾಗುತ್ತದೆ. ಹಿಗ್ಗಿದ ಕಿಡಿ, 50 ಹರ್ಟ್ಸ್ ವಿದ್ಯುತ್ತು ಸೆಕೆಂಡಿಗೆ 100 ಬಾರಿ ಸೊನ್ನೆಗಿಳಿಯುವಾಗ ಆರಿಹೋಗುತ್ತದೆ. ಮೇನ್ ಫ್ಯೂಸನ್ನು ಈ ಜಾಗದಲ್ಲಿ ಹಾಕಿದರೆ ಈ ಕೆಲಸವಾಗದು. ತಾಮ್ರದ ತಂತಿಯಂತೂ ಕರಗುವುದೇ ಇಲ್ಲ.

ಈ ಫ್ಯೂಸ್ ತಾನಾಗಿ ಹಾಳಾಗುವುದು ಅಪರೂಪ, ಹೆಚ್ಚಾಗಿ ಹಿಂದೆ ಬೇರೊಂದು ದೋಷವಿರುತ್ತದೆ. ಅದನ್ನು ಹುಡುಕದೆ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ. ಡಯೋಡ್ ಪರೀಕ್ಷೆಯಲ್ಲಂತೂ ಕಲಿತವರೂ ಎಡವುತ್ತಾರೆ: ಹಲವು ಡಯೋಡ್‌ಗಳನ್ನು ಸರಣಿಯಲ್ಲಿ ಜೋಡಿಸಿ ಮಾಡಿದ ಅದು ತೆರೆದುಕೊಳ್ಳಲು ಹಲವು ವೋಲ್ಟ್ ಬೇಕಾಗಿರುವುದರಿಂದ, ಸರಿಯಿದ್ದರೂ ಸಾಮಾನ್ಯ ಮೀಟರಿನಲ್ಲಿ ಎರಡೂ ದಿಕ್ಕಿನಲ್ಲಿ ವಿದ್ಯುತ್ ಹರಿಯದಂತೆ ತೋರುತ್ತದೆ.

ಇನ್ನು ಅಪಾಯದ ವಿಷಯ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು. ಅದನ್ನು ಇಳಿಸಲು ಒಳಗೊಂದು ರೆಸಿಸ್ಟರ್ ಸಾಮಾನ್ಯವಾಗಿ ಇರುತ್ತದಾದರೂ ಅದೇ ಕೆಟ್ಟಿದೆಯೋ ಇಲ್ಲವೋ ಹೊರಗಿನಿಂದ ತಿಳಿಯದು. ಓವನ್ ಚಾಲೂ ಇರುವಾಗ ಹೈ ವೋಲ್ಟೇಜ್ ಭಾಗ ತಾಗಿದರೆ, ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯಲೆಂದು ಮನೆಗೆ ಹಾಕಿಸಿರುವ ಅರ್ಥ್ ಲೀಕೇಜ್ ಬ್ರೇಕರ್ ಕೂಡ ಕಾಪಾಡುವುದಿಲ್ಲ. ಏಕೆಂದರೆ ದೇಹದ ಮೂಲಕ ಹರಿದ ವಿದ್ಯುತ್ ಮರಳುವುದು ಟ್ರಾನ್ಸ್‌ಫಾರ್ಮರಿನ ಹೈ ವೋಲ್ಟೇಜ್ ಬದಿಯ ಎರಡನೇ ಸುರುಳಿಗೇ. ಬ್ರೇಕರಿಗೆ ಸೋರಿಕೆ ಕಾಣಿಸುವುದೇ ಇಲ್ಲ.

ಆದ್ದರಿಂದ ಮನೆಯ ದುರಸ್ತಿಯ ಸಲಹೆಗಳನ್ನು ಪ್ರಕಟಿಸುವಾಗ ಮೈಕ್ರೋವೇವ್ ಓವನ್ನಿನ ಒಳಭಾಗವನ್ನು ಹೊರತುಪಡಿಸಬೇಕೆಂದು ತಮ್ಮಲ್ಲಿ ವಿನಂತಿ. ಓದುಗರು ರಿಪೇರಿಯವರಿಗೆ ಹಣ ಕೊಡುವ ಮುನ್ನ ಡಯೋಡ್, ಕೆಪಾಸಿಟರ್, ಮ್ಯಾಗ್ನೆಟ್ರಾನ್ ಮೂರನ್ನೂ ಪರೀಕ್ಷಿಸಿದ್ದಾರೆಯೇ, ಹಾಕಿರುವ ಫ್ಯೂಸ್ ಹಳೆಯದರಷ್ಟೇ ಆಂಪಿಯರ್‌ನದೇ ಎಂದು ಸಂಕೋಚವಿಲ್ಲದೆ ಕೇಳಲಿ.

ಇತಿ,
ವಿದ್ಯುತ್ ಉಪಕರಣಗಳ ದುರಸ್ತಿಯಲ್ಲಿರುವ ಓದುಗ