ಕಲಬುರಗಿಯ ರಾತ್ರಿ ಹೆಣ್ಣುಮಕ್ಕಳಿಗೂ ಬೇಕು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಕೆರಿಬಿಯನ್ ದ್ವೀಪಗಳ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಟ್ರಿನಿಡಾಡ್ ಮತ್ತು ಟೊಬೆಗೊ ದೇಶದ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಬಗ್ಗೆ ಅದರಲ್ಲಿದ್ದದ್ದು ಇಷ್ಟೇ: ರಮ್ ಸಿಗುತ್ತದೆ, ಕ್ಲಬ್ಬುಗಳಿವೆ, ಬೆಳಗಿನವರೆಗೂ ಕುಣಿಯುತ್ತಾರೆ. ಬರೆದವರು ಸುಳ್ಳು ಹೇಳಿಲ್ಲ. ಆದರೆ ಮುಖ್ಯವಾದದ್ದನ್ನೇ ಬಿಟ್ಟಿದ್ದಾರೆ. ಮಗಳ ಬಾಣಂತನಕ್ಕೆ ಹೋಗಿ ಕೆಲವು ತಿಂಗಳು ಆ ಊರಿನಲ್ಲಿದ್ದವಳು ನಾನು. ಅಳಿಯ ಅಲ್ಲಿ ಗ್ಯಾಸ್ ಕಂಪನಿಯಲ್ಲಿ ಎಂಜಿನಿಯರ್. ಮನೆ ಇದ್ದದ್ದು ವುಡ್‌ಬ್ರೂಕ್ ಬಡಾವಣೆಯಲ್ಲಿ, ಅರಿಯಾಪಿಟಾ ಅವೆನ್ಯೂ ಹತ್ತಿರ. ಊರಿನ ಬಾರುಗಳು, ಕ್ಲಬ್ಬುಗಳು ಸಾಲಾಗಿ ಇರುವುದು ಆ ರಸ್ತೆಯಲ್ಲೇ.

ನಾನು ಕುಡಿತವನ್ನು ಹೊಗಳಲು ಈ ಪತ್ರ ಬರೆಯುತ್ತಿಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದ್ದೇನೆ. ಅಪ್ಪ ಕುಡಿದು ಬಂದು ಪುಸ್ತಕ ಹರಿದ ಅಂತ ಅಳುತ್ತಾ ಬಂದ ಮಕ್ಕಳನ್ನು ಕಂಡಿದ್ದೇನೆ. ನಮ್ಮಲ್ಲಿ ಬಾರುಗಳು ಹೆಚ್ಚಾಗಲಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ನನ್ನ ಮಾತು ಬೀದಿಯ ಬಗ್ಗೆ. ಅರಿಯಾಪಿಟಾ ಅವೆನ್ಯೂನಲ್ಲಿ ಬಾರ್ ಅಂದರೆ ಕಪ್ಪು ಗಾಜು ಹಾಕಿದ ಕತ್ತಲ ಕೋಣೆ ಅಲ್ಲ. ಹೆಚ್ಚಿನವು ರಸ್ತೆಗೆ ತೆರೆದುಕೊಂಡೇ ಇರುತ್ತವೆ. ಕುರ್ಚಿ ಹೊರಗೆ, ಬೆಳಕು ಹೊರಗೆ. ಒಳಗೆ ಏನು ನಡೆಯುತ್ತಿದೆ ಅನ್ನುವುದು ದಾರಿಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತದೆ. ಆಫೀಸು ಮುಗಿಸಿದ ಹುಡುಗಿಯರು, ಮೊಮ್ಮಕ್ಕಳ ಕೈ ಹಿಡಿದ ಅಜ್ಜಿಯರು, ಬರೀ ಊಟಕ್ಕೆ ಬಂದವರು, ಎಲ್ಲರೂ ಅಲ್ಲೇ ಓಡಾಡುತ್ತಾರೆ. ಬಾರಿನ ಪಕ್ಕದಲ್ಲೇ ಡಬಲ್ಸ್ ಮಾರುವವರು ನಿಂತಿರುತ್ತಾರೆ. ಮೆತ್ತಗಿನ ಎರಡು ಪೂರಿಯ ನಡುವೆ ಬೇಯಿಸಿದ ಕಾಬೂಲಿ ಕಡಲೆ, ಮೇಲೆ ಹುಣಸೆ ಚಟ್ನಿ, ಖಾರ. ಖಾರ ಎಷ್ಟು ಅಂತ ಕೇಳಿಯೇ ಹಾಕುತ್ತಾರೆ. ನಾನು ಜಾಸ್ತಿ ಹಾಕಿಸಿಕೊಂಡಾಗ ಮಾರುವ ಹೆಣ್ಣುಮಗಳು ನನ್ನ ಮುಖವನ್ನೇ ನೋಡಿದಳು. ಕಲಬುರಗಿಯ ಮಿರ್ಚಿ ಭಜಿ ತಿಂದು ಬೆಳೆದ ನಾಲಿಗೆಗೆ ಅದೇನು ಖಾರ!

ಪಕ್ಕದ ಸೇಂಟ್ ಜೇಮ್ಸ್‌ನಲ್ಲಿ ಗದ್ದಲ ಇನ್ನೂ ಜಾಸ್ತಿ. ಅಲ್ಲಿನ ವೆಸ್ಟರ್ನ್ ಮೇನ್ ರೋಡ್ ಮಲಗುವುದೇ ಇಲ್ಲ. ಅಡ್ಡರಸ್ತೆಗಳ ಹೆಸರು ಓದಿ ನನಗೆ ಕಣ್ಣು ತುಂಬಿ ಬಂತು: ಕಲ್ಕತ್ತಾ ಸ್ಟ್ರೀಟ್, ಡೆಲ್ಲಿ ಸ್ಟ್ರೀಟ್, ಮದ್ರಾಸ್ ಸ್ಟ್ರೀಟ್. 1845ರಲ್ಲಿ ಫತೇಲ್ ರಜಾಕ್ ಎಂಬ ಹಡಗು ಕಲ್ಕತ್ತಾದಿಂದ ಭಾರತದ ಮೊದಲ ಕರಾರು ಕೂಲಿಗಳನ್ನು ಟ್ರಿನಿಡಾಡ್‌ಗೆ ತಂದಿಳಿಸಿತು. 1917ರವರೆಗೆ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನ ಹೀಗೆ ಹೋಗಿ ಕಬ್ಬಿನ ಗದ್ದೆಗಳಲ್ಲಿ ದುಡಿದರು. ಅವರ ಮೊಹರಂ ಅಲ್ಲಿ ಹೋಸೆ ಆಗಿದೆ. ಬಿದಿರು, ಬಣ್ಣದ ಕಾಗದದ ದೊಡ್ಡ ತಾಜಿಯಾಗಳು ರಾತ್ರಿ ಇದೇ ಬೀದಿಯಲ್ಲಿ ಸಾಗುತ್ತವೆ. ತಾಸೆಯನ್ನು ಬೆಂಕಿಗೆ ಕಾಸಿ ಬಿಗಿ ಮಾಡುತ್ತಾರೆ, ನಮ್ಮ ಹಲಿಗೆ ಕಾಸಿದ ಹಾಗೇ. ಹಿಂದೂಗಳು, ಕ್ರೈಸ್ತರು, ಆಫ್ರಿಕಾ ಮೂಲದವರು ಎಲ್ಲರೂ ಸೇರುತ್ತಾರೆ ಅಂತ ಪಕ್ಕದ ಮನೆಯಾಕೆ ಹೇಳಿದರು. ನಮ್ಮ ಹಳ್ಳಿಗಳಲ್ಲಿ ಮೊಹರಂಗೆ ಅಲಾಯಿ ಆಡುವಾಗಲೂ ಹಾಗೇ ಅಲ್ವಾ?

ನನಗೆ ಬಹಳ ಹಿಡಿಸಿದ್ದು ಪ್ಯಾನ್ ಯಾರ್ಡ್. ಅಲ್ಲಿನ ದೊಡ್ಡ ಬೀದಿ ಹಬ್ಬ ಕಾರ್ನಿವಲ್‌ಗೆ ಮುಂಚಿನ ವಾರಗಳಲ್ಲಿ ಸ್ಟೀಲ್‌ಪ್ಯಾನ್, ಅಂದರೆ ಎಣ್ಣೆ ಡ್ರಮ್ಮಿನ ವಾದ್ಯ, ನುಡಿಸುವ ತಂಡಗಳು ರಾತ್ರಿ ಬಯಲಿನಲ್ಲಿ ಅಭ್ಯಾಸ ಮಾಡುತ್ತವೆ. ಯಾರು ಬೇಕಾದರೂ ಹೋಗಿ ಕೂತು ಕೇಳಬಹುದು. ಅಂಗಳದ ಮೂಲೆಯಲ್ಲಿ ಸಣ್ಣ ಬಾರ್ ಇರುತ್ತದೆ, ಆದರೆ ಜನ ಬರುವುದು ಸಂಗೀತಕ್ಕೆ. 1880ರ ದಶಕದಲ್ಲಿ ಬ್ರಿಟಿಷರು ಆಫ್ರಿಕಾ ಮೂಲದವರ ಡೋಲುಗಳನ್ನು ನಿಷೇಧಿಸಿದರು. ಜನ ಬಿದಿರು ಬಡಿದರು. ಆಮೇಲೆ ಬಿಸ್ಕತ್ ಡಬ್ಬಿ ಬಡಿದರು. ಕೊನೆಗೆ ಎಣ್ಣೆ ಡ್ರಮ್ಮನ್ನು ತಟ್ಟಿ ತಟ್ಟಿ ಅದರಲ್ಲಿ ಸ್ವರ ಹುಟ್ಟಿಸಿದರು. ಲಾವೆಂಟಿಲ್‌ನಂಥ ಬಡವರ ಕೇರಿಗಳ ಹುಡುಗರು ಬೆಳೆಸಿದ ವಾದ್ಯ ಅದು. 1992ರಲ್ಲಿ ರಾಷ್ಟ್ರೀಯ ವಾದ್ಯವಾಯಿತು. ಶಾಲೆಗೆ ಹೋಗುವ ಹುಡುಗಿಯರು ರಾತ್ರಿ ಹತ್ತರವರೆಗೆ ನುಡಿಸಿ ಅಪ್ಪ ಅಮ್ಮನ ಜೊತೆ ಮನೆಗೆ ಹೋಗುವುದನ್ನು ನೋಡಿ ನನಗೆ ನನ್ನ ವಿದ್ಯಾರ್ಥಿನಿಯರ ನೆನಪು ಬಂತು.

   

ಆ ಊರಿನಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳಲಾರೆ. ರೌಡಿ ಗುಂಪುಗಳ ಬಂದೂಕಿನ ಕಾಳಗ ದೊಡ್ಡ ಸಮಸ್ಯೆ. 2011ರಲ್ಲಿ ತುರ್ತು ಪರಿಸ್ಥಿತಿ ಹೇರಿ ರಾತ್ರಿ ಕರ್ಫ್ಯೂ ಹಾಕಿದ್ದರು. 2024ರ ಡಿಸೆಂಬರ್ ಕೊನೆಗೆ ಮತ್ತೆ ತುರ್ತು ಪರಿಸ್ಥಿತಿ ಬಂತು. ಕೆಲವು ಓಣಿಗಳಿಗೆ ಹೋಗಬೇಡ ಅವ್ವ ಅಂತ ಮಗಳು ಮೊದಲೇ ಹೇಳಿದ್ದಳು, ನಾನೂ ಹೋಗಲಿಲ್ಲ. ಆದರೂ ಜನ ಬೀದಿಯನ್ನು ಬಿಟ್ಟುಕೊಟ್ಟಿಲ್ಲ.

ಈಗ ನಮ್ಮ ಊರಿಗೆ ಬರುತ್ತೇನೆ. ಏಪ್ರಿಲ್, ಮೇನಲ್ಲಿ ಇಲ್ಲಿ 42, 43 ಡಿಗ್ರಿ ಬಿಸಿಲು. ಹಗಲಿನಲ್ಲಿ ಹೊರಗೆ ಕಾಲಿಡಲು ಆಗುವುದಿಲ್ಲ. ಉಸಿರಾಡಲು ಸಿಗುವುದು ಬಿಸಿಲು ಇಳಿದ ಮೇಲಿನ ನಾಲ್ಕು ತಾಸು. ಆ ನಾಲ್ಕು ತಾಸು ಯಾರದ್ದು? ಕಳೆದ ಬೇಸಿಗೆಯಲ್ಲಿ ತಂಗಿಯ ಮನೆಯಿಂದ ಬರುವಾಗ ಒಂದು ಚೌಕದಲ್ಲಿ ಆಟೋಗೆ ಕಾಯುತ್ತಿದ್ದೆ. ಇನ್ನೂ ಒಂಬತ್ತು ಆಗಿರಲಿಲ್ಲ. ಪಕ್ಕದ ವೈನ್ ಶಾಪ್ ಮುಂದೆ ಫುಟ್‌ಪಾತ್ ತುಂಬಾ ಗಂಡಸರು ನಿಂತು ಕುಡಿಯುತ್ತಿದ್ದರು. ನಾನು, ಕೋಚಿಂಗ್ ಮುಗಿಸಿ ಬಂದ ಇಬ್ಬರು ಹುಡುಗಿಯರು, ಮೂವರೂ ರಸ್ತೆಗೆ ಇಳಿದು ಲಾರಿಗಳ ನಡುವೆ ನಿಲ್ಲಬೇಕಾಯಿತು. ಬೀದಿದೀಪ ಇರಲಿಲ್ಲ. ಇದ್ದ ಬೆಳಕು ಅಂಗಡಿಯ ಬೋರ್ಡಿನದ್ದೇ. ನನಗೆ ವಿಪರೀತ ಸಿಟ್ಟು ಬಂತು, ಈಗಲೂ ಇದೆ.

ನಮಗೆ ರಾತ್ರಿಯಲ್ಲಿ ಬೆರೆಯುವುದು ಗೊತ್ತಿಲ್ಲ ಅಂತಲ್ಲ. ಶರಣಬಸವೇಶ್ವರರ ಜಾತ್ರೆಯಲ್ಲಿ, ಬಂದೇನವಾಜರ ಉರುಸಿನಲ್ಲಿ ಹೆಣ್ಣುಮಕ್ಕಳು ರಾತ್ರಿ ಹನ್ನೊಂದಕ್ಕೂ ಬಳೆ ನೋಡುತ್ತಾ, ಸುಮ್ನೆ ತಿರುಗಾಡುತ್ತಾ ಇರುತ್ತಾರೆ. ದೀಪ ಇರುತ್ತದೆ, ಜನ ಇರುತ್ತಾರೆ, ಪೊಲೀಸರು ಇರುತ್ತಾರೆ. ವರ್ಷದ ಉಳಿದ ದಿನ ಯಾಕೆ ಇಲ್ಲ?

ಬೇಸಿಗೆಯ ಶನಿವಾರ, ಭಾನುವಾರ ನಮ್ಮ ಊರಿನ ಅಪ್ಪನ ಕೆರೆಯ ಹತ್ತಿರದ ಒಂದು ರಸ್ತೆಯಲ್ಲಿ ಸಂಜೆ ಆರರಿಂದ ಹನ್ನೊಂದರವರೆಗೆ ಅಧಿಕಾರಿಗಳು ವಾಹನ ಸಂಚಾರ ನಿಲ್ಲಿಸಲಿ. ತಹರಿ, ಸೂಸಲಾ, ಭಜಿ ಮಾಡುವವರಿಗೆ ಗಾಡಿ ಹಚ್ಚಲು ಬಿಡಲಿ. ಹಲಿಗೆ, ತತ್ವಪದ, ಕವ್ವಾಲಿಯವರಿಗೆ ಒಂದು ಕಟ್ಟೆ ಕೊಡಲಿ. ಸ್ವಚ್ಛವಾದ ಹೆಣ್ಣುಮಕ್ಕಳ ಶೌಚಾಲಯ, ಮಹಿಳಾ ಪೊಲೀಸರು, ಹನ್ನೊಂದರವರೆಗೆ ಸಿಟಿ ಬಸ್ ಬೇಕೇ ಬೇಕು. ಮದ್ಯದಂಗಡಿಗಳ ಮುಂದಿನ ಫುಟ್‌ಪಾತ್ ಖಾಲಿ ಮಾಡಿಸಿ ಅಲ್ಲಿ ದೀಪ ಹಾಕುವುದಕ್ಕಂತೂ ಬೇಸಿಗೆವರೆಗೆ ಕಾಯುವುದು ಬೇಡ, ಈ ವಾರವೇ ಆಗಬಹುದು. ಯಾವ ಚೌಕದಲ್ಲಿ ಕತ್ತಲಿದೆ ಅಂತ ಅಧಿಕಾರಿಗಳು ಕೇಳಿದರೆ, ನಮ್ಮ ಓಣಿಯ ಹೆಣ್ಣುಮಕ್ಕಳು ಜೊತೆಗೇ ಬಂದು ತೋರಿಸುತ್ತೇವೆ.

– ನಿವೃತ್ತ ಶಿಕ್ಷಕಿ, ಬ್ರಹ್ಮಪುರ, ಕಲಬುರಗಿ