ಎರಡು ಸೂಟ್‌ಕೇಸ್, ಒಂದು ಡಿಕ್ಕಿ, 120 ಡಾಲರ್

ಮ್ಯಾನೇಜರ್ ಅವರಿಗೆ,
ಹಳದಿ ಟ್ಯಾಕ್ಸಿ ಗ್ಯಾರೇಜ್, ಕ್ವೀನ್ಸ್, ನ್ಯೂಯಾರ್ಕ್

ವಿಷಯ: 2025ರ ಅಕ್ಟೋಬರ್ 14, ಮಂಗಳವಾರ ಸಂಜೆ ಜೆಎಫ್‌ಕೆ ವಿಮಾನ ನಿಲ್ದಾಣದಿಂದ ಮ್ಯಾನ್‌ಹಟನ್‌ಗೆ ಬಂದ ನಿಮ್ಮ ಟ್ಯಾಕ್ಸಿ

ಮಾನ್ಯರೇ,

ಇದೇ ದೂರನ್ನು ಇಂಗ್ಲಿಷಿನಲ್ಲಿ ಎರಡು ಸಲ ಮೇಲ್ ಮಾಡಿದೆ. ಮೂರು ಸಲ ಫೋನ್ ಮಾಡಿದೆ. ಮೊದಲನೇ ಸಲ ಹೋಲ್ಡ್‌ನಲ್ಲಿಟ್ಟು ಮರೆತಿರಿ. ಎರಡನೇ ಸಲ "ಬರ್ಕೊಂಡಿದ್ದೀವಿ" ಅಂದಿರಿ. ಮೂರನೇ ಸಲ, ಅಂಥದ್ದೇನೂ ಬರೆದಿಟ್ಟಿಲ್ವಲ್ಲ ಅಂದಿರಿ. ಹೇಗೂ ಓದುವುದಿಲ್ಲ ಅಂದ ಮೇಲೆ ಯಾವ ಭಾಷೆಯಾದರೇನು? ಅದಕ್ಕೇ ಈ ಸಲ ನನಗೆ ಸಲೀಸಾಗಿ ಕೋಪ ಬರುವ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಬೈಯುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಎಷ್ಟು ದೂರ ನಡೆಯುತ್ತದೋ ನೋಡೋಣ.

ನಿಯಮಗಳನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಜೆಎಫ್‌ಕೆಯಿಂದ ಮ್ಯಾನ್‌ಹಟನ್‌ಗೆ ಒಂದೇ ದರ, 70 ಡಾಲರ್. ವಾರದ ದಿನಗಳಲ್ಲಿ ಸಂಜೆ 4ರಿಂದ 8ರೊಳಗೆ ಇನ್ನೊಂದು 5 ಡಾಲರ್. ಮೇಲೆ ಸರ್ಕಾರದ ಚಿಲ್ಲರೆ ಶುಲ್ಕಗಳು. ದಾರಿಯಲ್ಲಿ ಟೋಲ್ ಕಟ್ಟಿದರೆ ಅದು. ಎಲ್ಲ ಸೇರಿ 80ರ ಆಸುಪಾಸು. ಮೀಟರ್‌ನಲ್ಲಿ ರೇಟ್ 2 ಅಂತ ಕಾಣಬೇಕು. ರೇಟ್ 1 ಅಂತ ಕಂಡರೆ ಅದು ಊರೊಳಗಿನ ಮಾಮೂಲಿ ಮೀಟರ್. ಟ್ರಾಫಿಕ್‌ನಲ್ಲಿ ನಿಂತಷ್ಟೂ ಏರುತ್ತದೆ. ಅವತ್ತು ನಾವು ವ್ಯಾನ್ ವಿಕ್ ರಸ್ತೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆವು ಅಂದರೆ, ಅಮ್ಮ ಪಕ್ಕದ ಲಾರಿಯ ಚಕ್ರ ಎಣಿಸಿ ಮುಗಿಸಿದರು.

"ಇದು ರೇಟ್ 1ರಲ್ಲಿದೆ" ಅಂತ ಹತ್ತಿದ ಐದು ನಿಮಿಷಕ್ಕೇ ಹೇಳಿದೆ. ನಿಮ್ಮ ಡ್ರೈವರ್ ಫೋನಿನಲ್ಲಿದ್ದರು. ಗಾಡಿ ಓಡಿಸುವಾಗ ಕಿವಿಗೆ ಸಿಕ್ಕಿಸಿಕೊಂಡೂ ಮಾತಾಡಬಾರದು ಅಂತ ನಿಯಮ. ಆದರೆ ಪಾಪ, ಮಾತು ಅರ್ಧದಲ್ಲಿತ್ತು. ಒಂದು ಬೆರಳೆತ್ತಿ, ಒಂದು ನಿಮಿಷ ಅಂತ ಸನ್ನೆ ಮಾಡಿದರು. ಆ ಒಂದು ನಿಮಿಷ ಮುಗಿದದ್ದು ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ, ನಮ್ಮ ಬಿಲ್ಡಿಂಗ್ ಮುಂದೆ.

ಅಲ್ಲಿ ನಡೆದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. ಈ ಎರಡು ವಾರದಲ್ಲಿ ನನಗೆ ಬಾಯಿಪಾಠವಾಗಿದೆ.

ಮೀಟರ್‌ನಲ್ಲಿ 96 ಡಾಲರ್ ಚಿಲ್ಲರೆ ಇತ್ತು. ನಾನು ಕಾರ್ಡ್ ತೆಗೆದೆ.

"ಮಷೀನ್ ಕೆಟ್ಟಿದೆ, ಮ್ಯಾಡಮ್. ಕ್ಯಾಷ್. 120."

"96 ಹೇಗೆ 120 ಆಯ್ತು? ಆ 96ನೇ ತಪ್ಪು."

"ಟನೆಲ್ ಟೋಲ್ ಇದೆ. ಲಗೇಜ್ ಇದೆ."

"ನಾವು ಟನೆಲ್‌ನಲ್ಲಿ ಬರಲೇ ಇಲ್ಲ. ಕ್ವೀನ್ಸ್‌ಬರೋ ಸೇತುವೆ ಮೇಲೆ ಬಂದ್ವಿ. ಅದಕ್ಕೆ ಟೋಲ್ ಇಲ್ಲ."

ಒಂದು ಕ್ಷಣ ಸುಮ್ಮನಾದರು. ನಾಚಿಕೆ ಆಯಿತೇನೋ ಅಂದುಕೊಂಡೆ. ಇಲ್ಲ, ಉತ್ತರ ಹುಡುಕುತ್ತಿದ್ದರು.

"ಸೇತುವೆ ದೂರ. ನನ್ನ ಟೈಮ್ ಹೋಯ್ತು. ಮತ್ತೆ ಲಗೇಜ್."

ಲಗೇಜಿಗೆ ಒಂದು ಸೆಂಟೂ ಕೇಳುವ ಹಾಗಿಲ್ಲ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಅದನ್ನು ಹೇಳಿದೆ ಕೂಡ. ಅಷ್ಟರಲ್ಲಿ ಅವರು ಕೆಳಗಿಳಿದು, ಡಿಕ್ಕಿಯ ಮೇಲೆ ಮೊಣಕೈ ಊರಿ ನಿಂತಿದ್ದರು. ಒಳಗೆ ನಮ್ಮ ಎರಡೂ ಸೂಟ್‌ಕೇಸ್. ಮೂಲೆಯಲ್ಲಿ ಎಟಿಎಂ ಇದೆ, ಹೋಗಿ ಬನ್ನಿ, ನಾನೇನೂ ಓಡಿಹೋಗಲ್ಲ ಅಂದರು. ಎಂಥ ದೊಡ್ಡ ಮನಸ್ಸು!

ನಮ್ಮ ಬಿಲ್ಡಿಂಗಿನ ಡೋರ್‌ಮ್ಯಾನ್ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ನಾಯಿ ಹಿಡಿದುಕೊಂಡು ಹೊರಟಿದ್ದ ಮೂರನೇ ಮಹಡಿಯವರು ನಾಯಿಯನ್ನು ಅಲ್ಲೇ ನಿಲ್ಲಿಸಿಕೊಂಡರು. ಅಮ್ಮನಿಗೆ ನಮ್ಮ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ದುಡ್ಡಿನ ವಿಷಯ ಅಂತ ಮಾತ್ರ ಗೊತ್ತಾಯಿತು. ಮಗಳ ಹತ್ತಿರ ದುಡ್ಡಿಲ್ಲ ಅಂದುಕೊಂಡರು.

"ಕಮ್ಮಿ ಬಿತ್ತೇನೇ?" ಅಂದವರೇ ಪರ್ಸಿನ ಒಳ ಜಿಪ್ ತೆಗೆದು, ಕರ್ಚೀಫಿನ ಗಂಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿದ್ದ ಐನೂರರ ಮೂರು ನೋಟು ಹೊರಗೆ ತೆಗೆದರು. ಎರಡೂ ಕೈಯಲ್ಲಿ ನಿಮ್ಮ ಡ್ರೈವರ್ ಮುಂದೆ ಹಿಡಿದು, "ತಗೊಳ್ಳಪ್ಪಾ, ಪೆಟ್ಟಿಗೆ ಕೊಡು" ಅಂದರು.

ಅವರು ಆ ನೋಟಿನ ಗಾಂಧಿಯನ್ನು ನೋಡಿದರು. ನನ್ನನ್ನು ನೋಡಿದರು. ನಕ್ಕರು.

120 ಕೊಟ್ಟೆ. ಎಟಿಎಂನವನಿಗೆ ಬೇರೆ 3 ಡಾಲರ್ ಕೊಟ್ಟೆ. ರಸೀದಿ ಕೇಳಿದರೆ ಪ್ರಿಂಟರೂ ಕೆಟ್ಟಿದೆ ಅಂದರು. ಆ ಗಾಡಿಯಲ್ಲಿ ಕೆಡದೆ ಉಳಿದದ್ದು ಹಿಂದಿನ ಸೀಟಿನ ಟಿವಿ ಒಂದೇ.

ಈಗ ನಿಮ್ಮ ವಿಷಯ. ಮೂರನೇ ಫೋನಿನಲ್ಲಿ ನಿಮ್ಮವರು ಹೇಳಿದ್ದು: "ಆತ ನಮ್ಮ ನೌಕರ ಅಲ್ಲ, ಶಿಫ್ಟ್ ಲೆಕ್ಕದಲ್ಲಿ ಗಾಡಿ ಬಾಡಿಗೆಗೆ ತಗೊಂಡವರು. ನಮಗೇನೂ ಸಂಬಂಧ ಇಲ್ಲ." ಸರಿ. ಬಾಡಿಗೆ ಎಣಿಸಿಕೊಳ್ಳುವಾಗ ಸಂಬಂಧ ಇರುತ್ತದೆ, ದೂರು ಬಂದಾಗ ಹರಿದುಹೋಗುತ್ತದೆ. ಗಾಡಿ ನಿಮ್ಮದು, ಬಾನೆಟ್ ಮೇಲಿನ ಮೆಡಾಲಿಯನ್, ಅಂದರೆ ಟ್ಯಾಕ್ಸಿ ಪರವಾನಗಿಯ ಬಿಲ್ಲೆ, ನಿಮ್ಮದು, ಕೆಟ್ಟ ಕಾರ್ಡ್ ಮಷೀನ್ ನಿಮ್ಮದು. ನಿಜಕ್ಕೂ ಕೆಟ್ಟಿದ್ದರೆ ಆ ಗಾಡಿಯನ್ನು ಹೊರಗೆ ಬಿಟ್ಟವರು ಯಾರು? ಕೆಟ್ಟಿರದಿದ್ದರೆ ಸುಳ್ಳು ಹೇಳಿದವರು ಯಾರು? ಎರಡರಲ್ಲಿ ಒಂದಕ್ಕಾದರೂ ಉತ್ತರ ಕೊಡಿ.

ಡ್ರೈವರ್‌ಗಳ ಕಷ್ಟ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. 2014ರ ಹೊತ್ತಿಗೆ ಈ ಊರಿನಲ್ಲಿ ಒಂದು ಮೆಡಾಲಿಯನ್ 10 ಲಕ್ಷ ಡಾಲರ್ ದಾಟಿತ್ತು. ಆಮೇಲೆ ಬೆಲೆ ಬಿತ್ತು, ಸಾಲ ಮಾಡಿ ಕೊಂಡವರು ಮುಳುಗಿದರು. 2021ರಲ್ಲಿ ಸಿಟಿ ಹಾಲ್ ಹೊರಗೆ ಉಪವಾಸ ಕೂತರು. ಆಗ ಅವರ ಪರವಾಗಿ ಮಾತಾಡಿದವರಲ್ಲಿ ನಾನೂ ಒಬ್ಬಳು. ಹಳದಿ ಟ್ಯಾಕ್ಸಿಯನ್ನೇ ಹತ್ತೋಣ ಅಂತ ಆ್ಯಪ್ ಮುಚ್ಚಿ ಅಮ್ಮನನ್ನು ಸರದಿಯಲ್ಲಿ ನಿಲ್ಲಿಸಿದ್ದೂ ನಾನೇ. ಅದನ್ನು ಅಮ್ಮ ಈಗ ದಿನಾ ನೆನಪಿಸುತ್ತಾರೆ.

ಮೀಟರ್‌ನ ಫೋಟೋ ನನ್ನ ಹತ್ತಿರ ಇದೆ. ರೇಟ್ 1 ಅಂತ ಓದುವಷ್ಟು ಸ್ಪಷ್ಟವಾಗಿದೆ. ಮೆಡಾಲಿಯನ್ ನಂಬರ್ ಇದೆ. ಹತ್ತಿದ್ದು ಎಲ್ಲಿ, ಇಳಿದದ್ದು ಎಲ್ಲಿ, ಯಾವ ರೇಟು, ಎಲ್ಲ ನಿಮ್ಮ ಗಾಡಿಯ ಯಂತ್ರದಲ್ಲೇ ದಾಖಲಾಗಿರುತ್ತದೆ. ಅದನ್ನೂ "ಬರ್ಕೊಂಡಿಲ್ಲ" ಅನ್ನಬೇಡಿ.

ಮೊದಲು ಹೆಚ್ಚುವರಿ ಹಣ ವಾಪಸ್ ಕೇಳಿದ್ದೆ. ಈಗ ಬೇಡ, ಇಟ್ಟುಕೊಳ್ಳಿ. ಶುಕ್ರವಾರದವರೆಗೆ ನೋಡುತ್ತೇನೆ. ಅಮ್ಮನ ಹೆಸರಿಗೆ ನಿಮ್ಮ ಸಹಿ ಇರುವ ಕ್ಷಮಾಪಣೆ ಪತ್ರ ಬರಬೇಕು. ಬರದಿದ್ದರೆ ಶನಿವಾರ ಬೆಳಿಗ್ಗೆ ನಗರದ ಸಹಾಯವಾಣಿ 311ಕ್ಕೆ ಫೋನ್. ಅಲ್ಲಿಂದ ದೂರು ಟ್ಯಾಕ್ಸಿ ಕಮಿಷನ್‌ಗೆ ಹೋಗುತ್ತದೆ. ವಿಚಾರಣೆಗೆ ಕರೆದರೆ ಖಂಡಿತ ಬರುತ್ತೇನೆ, ಒಬ್ಬಳೇ ಬರುವುದಿಲ್ಲ. ಇಂಗ್ಲಿಷ್ ಬರದ ಸಾಕ್ಷಿಗೆ ಅಲ್ಲಿ ಬಿಟ್ಟಿಯಾಗಿ ದುಭಾಷಿಯನ್ನು ಕೊಡುತ್ತಾರೆ. ಅಮ್ಮ ಏಪ್ರಿಲ್‌ವರೆಗೆ ಇಲ್ಲೇ ಇರುತ್ತಾರೆ, ಅವರಿಗೆ ಬೇರೆ ಕೆಲಸ ಇಲ್ಲ, ಮತ್ತು ಅವರು ಯಾವ ಕಥೆಯನ್ನೂ ನಡುವಿನಿಂದ ಶುರು ಮಾಡಿದವರಲ್ಲ.

ಇತಿ,
ನಿಮ್ಮ ಮಾಜಿ ಗ್ರಾಹಕಿ

ತಾ.ಕ.: ಟಿಪ್ ಕೊಡಲಿಲ್ಲ ಅಂತ ನಿಮ್ಮ ಡ್ರೈವರ್ ಹೋಗುವಾಗ ಬಾಗಿಲು ದಬಾರನೆ ಹಾಕಿದರು. ಸರಿಯಾಗಿ ನಡೆದುಕೊಳ್ಳದವರಿಗೆ ಟಿಪ್ ಕೊಡದಿರುವುದು ಪ್ರಯಾಣಿಕರ ಹಕ್ಕು ಅಂತ ಕಮಿಷನ್ನೇ ಪಟ್ಟಿಯಲ್ಲಿ ಹಾಕಿದೆ. ಅವತ್ತು ನನಗೆ ದಕ್ಕಿದ ಹಕ್ಕು ಅದೊಂದೇ.